ಓದುಗರ ಪ್ರಶ್ನೆ: ಮುದಿ ನಾಯಿಯ ಹೊಟ್ಟೆಗೆ ಯಾವ ಊಟ ಹಿಡಿಸೀತು?

ಪ್ರಶ್ನೆ: ನಮ್ಮ ನಾಯಿಗೆ 12 ವರ್ಷ, ತೂಕ 15 ಕಿಲೊ. ಇಷ್ಟು ಕಾಲ ಮನೆಯ ಅನ್ನ, ಮೀನು ತಿಂದುಕೊಂಡು ಆರಾಮವಾಗಿತ್ತು. ಈಗ ವಾರಕ್ಕೆ ಎರಡು ಸಲವಾದರೂ ಕಕ್ಕುತ್ತದೆ, ಮಲ ಸಡಿಲ. ತಿಂಗಳೊಳಗೆ ಮೂರು ಕಂಪೆನಿಯ ಆಹಾರ ಬದಲಿಸಿದೆವು, ಪ್ರಯೋಜನವಿಲ್ಲ. ಯಾವುದು ಒಳ್ಳೆಯದು? (ಬದಿಯಡ್ಕ ಕಡೆಯಿಂದ)

ಉತ್ತರ: ತಿಂಗಳಲ್ಲಿ ಮೂರು ಸಲ ಆಹಾರ ಬದಲಿಸಿದರೆ ಗಟ್ಟಿ ಹೊಟ್ಟೆಯ ನಾಯಿಗೂ ಭೇದಿಯಾದೀತು. ಕರುಳಿನ ಸೂಕ್ಷ್ಮಾಣುಗಳು ಹೊಸ ಊಟಕ್ಕೆ ಒಗ್ಗಲು ಏಳರಿಂದ ಹತ್ತು ದಿನ ಬೇಕು. ಒಂದು ಆಹಾರ ಹೊಟ್ಟೆಗೆ ಹಿಡಿಸಿತೋ ಇಲ್ಲವೋ ಎಂದು ಹೇಳಬೇಕಾದರೆ, ಬೇರೇನೂ ಕೊಡದೆ ಎರಡರಿಂದ ನಾಲ್ಕು ವಾರ ಅದನ್ನೇ ಹಾಕಿ ನೋಡಬೇಕು.

ಇನ್ನೊಂದು ಮಾತು. ಆರೋಗ್ಯವಾಗಿರುವ ನಾಯಿಯ ಜೀರ್ಣಶಕ್ತಿ ಬರೀ ವಯಸ್ಸಿನಿಂದ ಹೆಚ್ಚೇನೂ ಕುಸಿಯುವುದಿಲ್ಲ. ಹನ್ನೆರಡರಲ್ಲಿ ಹೊಸತಾಗಿ ಹೊಟ್ಟೆ ಕೆಟ್ಟಿದೆಯೆಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ: ಜಂತು, ಮೂತ್ರಪಿಂಡ, ಪಿತ್ತಕೋಶ, ಮೇದೋಜೀರಕ ಗ್ರಂಥಿ, ಇಲ್ಲವೇ ಗಂಟುನೋವಿಗೆ ಕೊಡುತ್ತಿರುವ ಮಾತ್ರೆ. ನೋವಿನ ಮಾತ್ರೆ ಹೊಟ್ಟೆಯೊಳಗೆ ಹುಣ್ಣು ಮಾಡಬಲ್ಲುದು. ಆದ್ದರಿಂದ ಆಹಾರದ ಚೀಲ ಕೊಳ್ಳುವ ಮೊದಲು ಮೃಗಾಸ್ಪತ್ರೆಯಲ್ಲಿ ಮಲ ಮತ್ತು ರಕ್ತ ಪರೀಕ್ಷೆ ಮಾಡಿಸಿ. ಮಲ ಡಾಮರಿನಂತೆ ಕಪ್ಪಾಗಿದ್ದರೆ, ರಕ್ತ ಕಂಡರೆ, ಕುಡಿದ ನೀರೂ ನಿಲ್ಲದಿದ್ದರೆ ಅದೇ ದಿನ ಹೋಗಿ. ಹೊಟ್ಟೆ ಉಬ್ಬಿ, ಕಕ್ಕಲು ಹೆಣಗಿದರೂ ಏನೂ ಬರದಿದ್ದರೆ ಗಂಟೆಯೂ ಕಾಯಬಾರದು.

ಮಲವನ್ನು ನೋಡುವುದೂ ಒಂದು ಪರೀಕ್ಷೆಯೇ. ದಿನಕ್ಕೆ ಎರಡು ಮೂರು ಸಲ ರಾಶಿಯಾಗಿ, ನೀರಾಗಿ ಹೋಗುತ್ತಿದ್ದು ಮೈ ಇಳಿಯುತ್ತಿದ್ದರೆ ತೊಂದರೆ ಸಣ್ಣ ಕರುಳಿನದು. ಅಲ್ಲಿಗೆ ಬೇಕಾದ್ದು ಕೊಬ್ಬು ಕಡಿಮೆಯಿರುವ, ಸುಲಭವಾಗಿ ಕರಗುವ ಊಟ. ಸ್ವಲ್ಪಸ್ವಲ್ಪವೇ ಆರೆಂಟು ಸಲ, ತಿಣುಕುತ್ತ, ಲೋಳೆ ಸೇರಿ ಹೋಗುತ್ತಿದ್ದರೆ ದೊಡ್ಡ ಕರುಳು; ಅದಕ್ಕೆ ನಾರು ಒಗ್ಗುತ್ತದೆ. ಬೇಯಿಸಿ ಹಿಸುಕಿದ ಸಿಹಿಗುಂಬಳ ಊಟಕ್ಕೊಂದು ದೊಡ್ಡ ಚಮಚ ಸಾಕು, ಉಪ್ಪು ಬೇಡ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹಳದಿ ನೊರೆ ಕಕ್ಕಿ, ಆಮೇಲೆ ಏನೂ ಆಗದವರಂತೆ ಬಾಲ ಆಡಿಸುವ ನಾಯಿಗಳಿವೆ. ಅವುಗಳ ಸಮಸ್ಯೆ ಹೆಚ್ಚಾಗಿ ಊಟದ್ದಲ್ಲ, ಹೊತ್ತಿನದು. ದಿನದ ಪಾಲಿನಲ್ಲೇ ಒಂದು ಹಿಡಿ ಉಳಿಸಿ ರಾತ್ರಿ ಮಲಗುವ ಮುಂಚೆ ಹಾಕಿದರೆ ಎಷ್ಟೋ ಸಲ ನಿಲ್ಲುತ್ತದೆ.

ನಮ್ಮ ಮನೆಗಳಲ್ಲಿ ಮೊದಲ ಅನುಮಾನ ಕೊಬ್ಬಿನ ಮೇಲೆ ಬೀಳಬೇಕು. ನಾಯಿಯ ಬಟ್ಟಲಿಗೆ ಹೋಗುವುದು ಬರೀ ಅನ್ನವಲ್ಲ: ಕಾಯಿಹಾಲಿನ ಗಸಿಯ ತಳ, ಹುರಿದ ಮೀನಿನ ಎಣ್ಣೆ, ಕೋಳಿಯ ಚರ್ಮ. ಒಮ್ಮೆಗೆ ಇಷ್ಟು ಕೊಬ್ಬು ಬಿದ್ದರೆ ಮೇದೋಜೀರಕ ಗ್ರಂಥಿ ಉರಿಯೂತಕ್ಕೆ ಸಿಕ್ಕೀತು. ಬೂತಾಯಿ, ಬಂಗುಡೆ ಒಳ್ಳೆಯ ಮೀನೇ, ಆದರೆ ಎಣ್ಣೆಯವು; ಬೂತಾಯಿಯ ಕೊಬ್ಬಂತೂ ಋತುವಿನಿಂದ ಋತುವಿಗೆ ಏರಿಳಿಯುತ್ತದೆ. ಹೊಟ್ಟೆ ಸರಿಯಿಲ್ಲದ ದಿನಗಳಲ್ಲಿ ಕಾಣೆ, ನಂಗು ವಾಸಿ. ಬೇಯಿಸಿ, ಮುಳ್ಳು ಪೂರ್ತಿ ತೆಗೆದು ಕೊಡಿ. ಒಣಮೀನಿನ ಉಪ್ಪು ಮುದಿ ಮೂತ್ರಪಿಂಡಕ್ಕೆ ಬೇಡ. ಗಸಿಯ ನೀರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ವಿಷ ಹೋಗುವುದಿಲ್ಲ. ಪಾಯಸದಲ್ಲಿ ದ್ರಾಕ್ಷಿಯಿದ್ದರೆ ಅದು ಬಾಯಿಗೆ ಸಿಗದ ಹಾಗೆ ಇಡಿ.

ಹೊಟ್ಟೆ ಕೆಟ್ಟ ಮೂರರಿಂದ ಐದು ದಿನಗಳ ಊಟ ಹೀಗಿರಲಿ. 15 ಕಿಲೊ ತೂಕದ ಮುದಿ ನಾಯಿಗೆ ದಿನಕ್ಕೆ ಸುಮಾರು 640 ಕ್ಯಾಲೊರಿ ಬೇಕು. 100 ಗ್ರಾಂ ಬೆಳ್ತಿಗೆ ಅಕ್ಕಿಯ ಅನ್ನ (ಬೆಂದ ಮೇಲೆ ಸುಮಾರು 300 ಗ್ರಾಂ), ಬೇಯಿಸಿ ಸಣ್ಣಗೆ ಬಿಡಿಸಿದ 130 ಗ್ರಾಂ ಚರ್ಮವಿಲ್ಲದ ಕೋಳಿಯ ಎದೆಮಾಂಸ, ನಾಲ್ಕು ಚಮಚ ಸಿಹಿಗುಂಬಳ. ಇಷ್ಟರಲ್ಲಿ 620ರ ಆಸುಪಾಸು ಬರುತ್ತದೆ. ಕುಚ್ಚಲಕ್ಕಿ ಸದ್ಯಕ್ಕೆ ಬೇಡ. ಅದರ ಪಿಷ್ಟ ನಿಧಾನವಾಗಿ ಕರಗುತ್ತದೆ, ತಣ್ಣಗಾದ ಮೇಲೆ ಇನ್ನೂ ನಿಧಾನ. ಅನ್ನ ಬೆರಳಲ್ಲಿ ಹಿಸುಕಿದರೆ ಕರಗುವಷ್ಟು ಮೆತ್ತಗಿರಲಿ. ಇದನ್ನು ನಾಲ್ಕು ಪಾಲು ಮಾಡಿ ಉಗುರು ಬೆಚ್ಚಗೆ ಹಾಕಿ. ಕುಡ್ತೆಯ ಅಳತೆ ಮನೆಮನೆಗೂ ಬೇರೆ, ಅಡುಗೆ ತಕ್ಕಡಿಯನ್ನೇ ನಂಬಿ. ಹಾಲು ಬೇಡ, ಬೆಳೆದ ನಾಯಿಗೆ ಅದರ ಸಕ್ಕರೆ ಅರಗುವುದು ಕಷ್ಟ. ನೀರು ಸೇರಿಸಿದ ಮಜ್ಜಿಗೆ ಹಲವು ನಾಯಿಗಳಿಗೆ ಆದೀತು, ಮೊದಲು ಒಂದು ಚಮಚ ಕೊಟ್ಟು ನೋಡಿ.

ಇದನ್ನೇ ತಿಂಗಳುಗಟ್ಟಲೆ ಮುಂದುವರಿಸುವುದು ಜನ ಸಾಮಾನ್ಯವಾಗಿ ಮಾಡುವ ತಪ್ಪು. ಅನ್ನ-ಕೋಳಿಯಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬೇಕು, ಸತು, ಅಯೋಡಿನ್, ವಿಟಮಿನ್‌ಗಳೂ ಸಾಲವು. ಮೊಟ್ಟೆಯ ಚಿಪ್ಪಿನ ಪುಡಿ ಕ್ಯಾಲ್ಸಿಯಂ ಕೊಟ್ಟೀತು, ಉಳಿದದ್ದನ್ನಲ್ಲ. ಮನೆಯೂಟವೇ ಬೇಕೆಂದಿದ್ದರೆ ಪಶುವೈದ್ಯರಿಂದ ಪೂರಕಗಳ ಪಟ್ಟಿ ಬರೆಸಿಕೊಳ್ಳಿ.

ಇನ್ನು ಅಂಗಡಿಯ ಆಹಾರ. ಚೀಲದ ಮೇಲಿನ ‘ಸೀನಿಯರ್’ ಎಂಬ ಮಾತಿನ ಹಿಂದೆ ಪೋಷಕಾಂಶಗಳ ನಿಗದಿತ ಅಳತೆಯೇನೂ ಇಲ್ಲ, ಅದನ್ನು ನೋಡಿ ಕೊಳ್ಳಬೇಡಿ. ಕೊಬ್ಬಿನ ಅಂಕಿ ನೋಡಿ, ಅದನ್ನೂ ನೇರವಾಗಿ ನಂಬಬೇಡಿ. ಹಸಿ ಆಹಾರದ ಪೌಚಿನಲ್ಲಿ ಕೊಬ್ಬು 4%, ತೇವಾಂಶ 80% ಎಂದಿದ್ದರೆ ನೀರು ಕಳೆದು ಉಳಿಯುವುದು 20, ಅದರಲ್ಲಿ 4 ಅಂದರೆ ಒಣಲೆಕ್ಕದಲ್ಲಿ 20%. ಒಣ ಆಹಾರದಲ್ಲಿ ಕೊಬ್ಬು 12%, ತೇವಾಂಶ 10% ಇದ್ದರೆ ಒಣಲೆಕ್ಕ 13% ಚಿಲ್ಲರೆ. ಕಡಿಮೆ ಎಂದುಕೊಂಡು ತಂದ ಪೌಚೇ ಜಿಡ್ಡಿನದು! ನಿಮ್ಮ ನಾಯಿಗೆ ಒಣಲೆಕ್ಕದಲ್ಲಿ 10%ರ ಆಸುಪಾಸಿನದು ಹುಡುಕಿ. ಪ್ರೊಟೀನ್ ಮೂಲ ಒಂದೇ ಆಗಿರಲಿ, ಈವರೆಗೆ ತಿನ್ನದ್ದಾದರೆ ಇನ್ನೂ ಒಳ್ಳೆಯದು. ‘ವಯಸ್ಸಾಯಿತು, ಪ್ರೊಟೀನ್ ಕಡಿಮೆ ಮಾಡೋಣ’ ಎಂಬುದು ಹಳೆಯ ನಂಬಿಕೆ. ಮೂತ್ರಪಿಂಡ ಸರಿಯಿದ್ದರೆ ಮುದಿ ನಾಯಿಗೆ ಸ್ನಾಯು ಉಳಿಸಿಕೊಳ್ಳಲು ಅದು ಹೆಚ್ಚೇ ಬೇಕು. ರಕ್ತದ ವರದಿಯಲ್ಲಿ ಮೂತ್ರಪಿಂಡದ ತೊಂದರೆ ಕಂಡರೆ ಮಾತ್ರ ಲೆಕ್ಕ ಬೇರೆ, ಆಗ ರಂಜಕ (ಫಾಸ್ಫರಸ್) ಕಡಿಮೆಯಿರುವ ಆಹಾರವನ್ನು ವೈದ್ಯರೇ ಬರೆದುಕೊಡಬೇಕು.

ಬದಲಾವಣೆ ಹೀಗೆ: ಮೊದಲ ಮೂರು ದಿನ ಹೊಸದು ಕಾಲು ಪಾಲು, ಮತ್ತೆ ಮೂರು ದಿನ ಅರ್ಧ, ಆಮೇಲೆ ಮೂರು ದಿನ ಮುಕ್ಕಾಲು, ಹತ್ತನೆಯ ದಿನ ಪೂರ್ತಿ. ನಡುವೆ ಮಲ ಸಡಿಲವಾದರೆ ಹಿಂದಿನ ಮೆಟ್ಟಿಲಿಗೆ ಇಳಿದು ಎರಡು ದಿನ ನಿಲ್ಲಿ. 100 ಗ್ರಾಮಿಗೆ 350 ಕ್ಯಾಲೊರಿಯ ಒಣ ಆಹಾರವಾದರೆ ದಿನಕ್ಕೆ 180 ಗ್ರಾಂ ಸಾಕು. ಹಲ್ಲು ಸವೆದಿದ್ದರೆ ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ ಕೊಡಿ. ಅಜ್ಜಿ ಕೈಯಿಂದ ಹಾಕುವ ಬಿಸ್ಕತ್ತೂ ಈ ದಿನಗಳಲ್ಲಿ ನಿಲ್ಲಬೇಕು. ಪ್ರಯೋಗ ಕೆಡುವುದು ಹೆಚ್ಚಾಗಿ ಅಲ್ಲೇ.

ತೋಟವಿದ್ದವರು ಆಹಾರವನ್ನು ದೂರುವ ಮೊದಲು ತೋಟವನ್ನೂ ಒಮ್ಮೆ ನೋಡಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನಗಳಲ್ಲಿ ಡ್ರಮ್ಮಿನ ಬುಡದಲ್ಲಿ ನಿಂತ ನೀರು ನೆಕ್ಕಿದರೆ ಅದರ ಮೈಲುತುತ್ತ ಸಾಕು ಕಕ್ಕಿಸಲು. ಹಲಸಿನ ಕಾಲದಲ್ಲಿ ಬಿದ್ದ ಹಣ್ಣು ತಿಂದೂ ಹೊಟ್ಟೆ ಹೋಗುತ್ತದೆ, ಬೀಜ ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಂಡೀತು.

ಮಳೆಗಾಲದ ತೇವಕ್ಕೆ ಒಣ ಆಹಾರ ಬೇಗ ಹಾಳಾಗುತ್ತದೆ: ಕೊಬ್ಬು ಕಮಟುತ್ತದೆ, ಬೂಷ್ಟು ಹಿಡಿದರೆ ಯಕೃತ್ತನ್ನು ಕೆಡಿಸುವ ಅಫ್ಲಾಟಾಕ್ಸಿನ್ ಬರಬಹುದು. ಬಿಡಿಯಾಗಿ ತೂಗಿ ಕೊಡುವ ಆಹಾರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ತಿಂಗಳಲ್ಲಿ ಮುಗಿಯುವಷ್ಟು ದೊಡ್ಡ ಚೀಲ ಮಾತ್ರ ತನ್ನಿ. ಡಬ್ಬಕ್ಕೆ ಸುರಿಯದೆ ಚೀಲವನ್ನೇ ಬಾಯಿ ಕಟ್ಟಿ ಡಬ್ಬದೊಳಗಿಡಿ; ಡಬ್ಬದ ತಳದಲ್ಲಿ ಉಳಿಯುವ ಹಳೆಯ ಜಿಡ್ಡು ಹೊಸ ಆಹಾರವನ್ನೂ ಕೆಡಿಸುತ್ತದೆ.