ಶೇಕಡಾ ಇಳಿದರೆ ಖರ್ಚು ಇಳಿದಂತೆಯೇ? ರಾಷ್ಟ್ರೀಯ ಆರೋಗ್ಯ ಲೆಕ್ಕ ಓದುವ ಬಗೆ

ಆರೋಗ್ಯ ಸಂವಿಧಾನದ ರಾಜ್ಯಪಟ್ಟಿಯಲ್ಲಿದೆ, ಅಂದರೆ ಅದು ಮುಖ್ಯವಾಗಿ ರಾಜ್ಯಗಳ ವಿಷಯ. ಕೇಂದ್ರ ಸರ್ಕಾರ ತನ್ನ ಯೋಜನೆಗಳ ಮೂಲಕ ಹಣ ಕೊಡುತ್ತದೆ. ಸಿಎಜಿ, ಅಂದರೆ ಮಹಾಲೇಖಪಾಲರ ಸಂಸ್ಥೆ, ಆ ಹಣದ ಲೆಕ್ಕ ತಪಾಸಣೆ ಮಾಡುತ್ತದೆ. ಅದರ ವರದಿ ಸಂಸತ್ತಿಗೋ ವಿಧಾನಮಂಡಲಕ್ಕೋ ಹೋಗುತ್ತದೆ. ಇದರಲ್ಲಿ ಗೊಂದಲ ಇಲ್ಲ.

ಆದರೆ ಸಿಎಜಿ ನೋಡುವುದು ಸರ್ಕಾರದ ದುಡ್ಡನ್ನು. ರೋಗಿಯ ಮನೆಯವರು ಕೈಯಿಂದ ಹಾಕಿದ ದುಡ್ಡು ಎಷ್ಟು? ಅದನ್ನು ಅಂದಾಜು ಮಾಡುವುದು ರಾಷ್ಟ್ರೀಯ ಆರೋಗ್ಯ ಲೆಕ್ಕ, ಅಂದರೆ ಎನ್‌ಎಚ್‌ಎ. ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸ್‌ಗಳಲ್ಲಿ ಒಂದೇ ಸಾಲು ಕಾಣುತ್ತದೆ: ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಹಾಕುವ ಪಾಲು 2013-14ರಲ್ಲಿ ಶೇ 64.2 ಇತ್ತು, 2021-22ರಲ್ಲಿ ಶೇ 39.4ಕ್ಕೆ ಇಳಿಯಿತು.

ಓದಿದ ತಕ್ಷಣ ಏನನಿಸುತ್ತದೆ? ಜನರ ಆಸ್ಪತ್ರೆ ಖರ್ಚು ಅರ್ಧದ ಹತ್ತಿರಕ್ಕೆ ಬಂತು ಅಂತ ಅಲ್ವಾ? ಇಲ್ಲಿ ನಿಧಾನ ಮಾಡಿ. ಶೇ 39.4 ಅಂದರೆ ಯಾವುದರಲ್ಲಿ 39.4? ಒಟ್ಟು ವೆಚ್ಚದಲ್ಲಿ. ಆ ಒಟ್ಟು ಮೊತ್ತವೇ ಈ ನಡುವೆ ಬದಲಾಗಿದೆ.

ತಲಾ ಲೆಕ್ಕ ಹಾಕೋಣ. 2013-14ರಲ್ಲಿ ಒಬ್ಬರಿಗೆ ಒಟ್ಟು ವೆಚ್ಚ 3,638 ರೂಪಾಯಿ. ಅದರ ಶೇ 64.2 ಅಂದರೆ ಸುಮಾರು 2,336. 2021-22ರಲ್ಲಿ ಒಟ್ಟು 6,602 ರೂಪಾಯಿ. ಅದರ ಶೇ 39.4 ಅಂದರೆ ಸುಮಾರು 2,600.

ಪಾಲು ಇಳಿದಿದೆ, ರೂಪಾಯಿ ಏರಿದೆ! ಎರಡೂ ನಿಜ. ಯಾಕೆಂದರೆ ಸರ್ಕಾರದ ತಲಾ ವೆಚ್ಚ ಇದೇ ಅವಧಿಯಲ್ಲಿ 1,042ರಿಂದ 3,169 ರೂಪಾಯಿಗೆ ಹೋಯಿತು. ಭಾಗಿಸುವ ಒಟ್ಟು ವೆಚ್ಚ ತುಂಬಾ ದೊಡ್ಡದಾದರೆ, ಜನ ಹಾಕಿದ ದುಡ್ಡು ಸ್ವಲ್ಪ ಏರಿದರೂ ಶೇಕಡಾ ಇಳಿಯುತ್ತದೆ. ಸರ್ಕಾರ ಜಾಸ್ತಿ ಹಾಕಿದ್ದು ಒಳ್ಳೆಯದೇ, ಅದನ್ನು ಮೆಚ್ಚಲೇಬೇಕು. ಬೆಲೆ ಏರಿಕೆ ಕಳೆದು ನೋಡಿದರೆ ಜನರ ಹೊರೆಯೂ ಇಳಿದಿದೆ. ಆದರೆ 64ರಿಂದ 39 ಅನ್ನುವಷ್ಟು ಅಲ್ಲ. ಹಾಗಾಗಿ ಎನ್‌ಎಚ್‌ಎ ತೆರೆದಾಗ ನಾನು ಮೊದಲು ಹುಡುಕುವುದು ತಲಾ ರೂಪಾಯಿಯ ಕೋಷ್ಟಕ, ಆಮೇಲೆ ಶೇಕಡಾ. ಪರೀಕ್ಷೆಯಲ್ಲೂ ಎರಡನ್ನೂ ಜೊತೆಗೇ ಬರೆಯಿರಿ.

ಇನ್ನೆರಡು ಸಂಗತಿ. ಖಾಸಗಿ ವಿಮೆಯ ಪ್ರೀಮಿಯಂ ಈ 39.4ರಲ್ಲಿ ಸೇರಿಲ್ಲ. ಅದಕ್ಕೆ ಬೇರೆ ಸಾಲಿದೆ: ಇದೇ ಅವಧಿಯಲ್ಲಿ ಒಟ್ಟು ವೆಚ್ಚದ ಶೇ 3.4 ಇದ್ದದ್ದು ಶೇ 7.4 ಆಗಿದೆ. ಅದರಲ್ಲೂ ಒಂದು ಭಾಗ ಮನೆಯವರ ದುಡ್ಡೇ.

ಎರಡನೆಯದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ಈ ಲೆಕ್ಕಕ್ಕೆ ಸಿಗುವುದು ಖರ್ಚಾದ ದುಡ್ಡು ಮಾತ್ರ. ದುಡ್ಡಿಲ್ಲ ಅಂತ ಆಸ್ಪತ್ರೆಗೇ ಹೋಗದೆ ನೋವು ನುಂಗಿಕೊಂಡವರ ಖರ್ಚು ಇಲ್ಲಿ ಸೊನ್ನೆ. ಅಂಥವರು ಜಾಸ್ತಿಯಾದರೂ ಈ ಪಾಲು ಇಳಿಯುತ್ತದೆ. ಅದಕ್ಕೇ ಎಷ್ಟು ಜನ ಚಿಕಿತ್ಸೆ ಪಡೆದರು, ಎಲ್ಲಿ ಪಡೆದರು ಅನ್ನುವ ಎನ್‌ಎಸ್‌ಎಸ್ (ರಾಷ್ಟ್ರೀಯ ಮಾದರಿ ಸಮೀಕ್ಷೆ) ಆರೋಗ್ಯ ಸಮೀಕ್ಷೆಯನ್ನೂ ಪಕ್ಕದಲ್ಲಿಟ್ಟುಕೊಂಡು ಇದನ್ನು ಓದಬೇಕು.