ಉಪ್ಪು ಬಿದ್ದರೆ ಬೆಂಕಿ ಹಳದಿಯಾಗುವುದೇಕೆ?

ಬಂಗುಡೆ ಸಾರು ಉಕ್ಕಿ ಗ್ಯಾಸ್ ಒಲೆಗೆ ಬಿದ್ದರೆ ನೀಲಿ ಉರಿ ಥಟ್ಟನೆ ಹಳದಿಗೆ ತಿರುಗುತ್ತದೆ. ಮಂಗಳೂರು, ಉಡುಪಿಯ ಅಡುಗೆಮನೆಗಳಲ್ಲಿ ಇದನ್ನು ನೋಡದವರಿಲ್ಲ. ಆ ಹಳದಿ ಸಾರಿನದ್ದಲ್ಲ, ಅದರ ಉಪ್ಪಿನಲ್ಲಿರುವ ಸೋಡಿಯಂನದ್ದು. ಇಷ್ಟು ಖಚಿತವಾಗಲು ದಶಕಗಳು ಬೇಕಾದವು. ಏಕೆ ಎಂಬುದು ಪೂರ್ತಿ ತಿಳಿಯುವಷ್ಟರಲ್ಲಿ ನೂರು ವರ್ಷ ದಾಟಿತ್ತು.

ತೊಡಕಿದ್ದದ್ದು ಉಪ್ಪಿನ ಗುಣದಲ್ಲೇ. ಕೈಯ ಬೆವರಿನಲ್ಲಿ, ಗಾಳಿಯ ದೂಳಿನಲ್ಲಿ ಅದು ಇದ್ದೇ ಇರುತ್ತದೆ; ಮಲ್ಪೆಯಂಥ ಕಡಲದಂಡೆಯಲ್ಲಿ ಕೇಳುವುದೇ ಬೇಡ. ಹಾಗಾಗಿ ಯಾವ ಪದಾರ್ಥ ಸುಟ್ಟರೂ ಅದೇ ಹಳದಿ ಕಾಣುತ್ತಿತ್ತು. ನೀರೇ ಕಾರಣವಿರಬಹುದು ಎಂದು ಊಹಿಸಿದವರೂ ಇದ್ದರು.

1814ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸೂರ್ಯನ ಬೆಳಕನ್ನು ಪ್ರಿಸಂನಲ್ಲಿ ಹಾಯಿಸಿ ನೂರಾರು ಕಪ್ಪು ಗೆರೆಗಳನ್ನು ಗುರುತಿಸಿದರು. ಹಳದಿ ಭಾಗದ ಜೋಡಿಗೆರೆಗೆ ‘ಡಿ’ ಎಂದು ಹೆಸರಿಟ್ಟರು. ಉಪ್ಪಿನ ಉರಿಯ ಹಳದಿ ಗೆರೆಯೂ ಸೂರ್ಯನ ಡಿ ಗೆರೆಯೂ ಒಂದೇ ಎಂದು 1859ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ತೋರಿಸಿಕೊಟ್ಟವರು ಭೌತವಿಜ್ಞಾನಿ ಕಿರ್ಕಾಫ್. ಬಿಸಿ ಆವಿ ಸೂಸುವ ಬೆಳಕನ್ನೇ ತಂಪಾದ ಆವಿ ಹೀರುತ್ತದೆ; ಉರಿಯಲ್ಲಿ ಹೊಳೆಯುವ ಗೆರೆ ಸೂರ್ಯನ ಬೆಳಕಿನಲ್ಲಿ ಕಪ್ಪಾಗಿ ಕಾಣುವುದು ಅದಕ್ಕೇ.

ಅದೇ ಬಣ್ಣವೇ ಏಕೆ? ಪ್ಲಾಂಕ್ (1900), ಐನ್‌ಸ್ಟೈನ್ (1905), ಬೋರ್ (1913) ಶಕ್ತಿಯ ಕೊಡುಕೊಳ್ಳುವಿಕೆ ಬಿಡಿ ಬಿಡಿ ತುಣುಕುಗಳಲ್ಲಿ ನಡೆಯುತ್ತದೆ ಎಂಬ ದಾರಿ ತೆರೆದರು. ಸೋಡಿಯಂ ಪರಮಾಣುವಿನ ಹೊರಗಿನ ಒಂಟಿ ಎಲೆಕ್ಟ್ರಾನು ಉರಿಯೊಳಗಿನ ಢಿಕ್ಕಿಗಳಿಂದ 3ಎಸ್ ಎಂಬ ಕೆಳಗಿನ ಶಕ್ತಿಮಟ್ಟದಿಂದ 3ಪಿ ಎಂಬ ಮೇಲಿನ ಮಟ್ಟಕ್ಕೆ ಏರುತ್ತದೆ. ಅಲ್ಲಿ ಅದು ನಿಲ್ಲುವುದು ಸರಾಸರಿ 16 ನ್ಯಾನೋಸೆಕೆಂಡು. ಇಳಿಯುವಾಗ 2.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಒಂದು ಫೋಟಾನ್ (ಬೆಳಕಿನ ಕಣ) ಆಗಿ ಹೊರಬೀಳುತ್ತದೆ. ಎಲೆಕ್ಟ್ರಾನ್ ವೋಲ್ಟನ್ನು ನ್ಯಾನೋಮೀಟರಿಗೆ ತಿರುಗಿಸುವ ಸ್ಥಿರಾಂಕ 1240ನ್ನು 2.1ರಿಂದ ಭಾಗಿಸಿ ನೋಡಿ: ತರಂಗಾಂತರ ಸುಮಾರು 590 ನ್ಯಾನೋಮೀಟರ್, ಅಂದರೆ ಹಳದಿ. ಇನ್ನೊಂದು ಚಿಟಿಕೆ ಉಪ್ಪು ಹಾಕಿದರೆ ಬೆಳಕು ಹೆಚ್ಚುತ್ತದೆ, ಬಣ್ಣ ಬದಲಾಗುವುದಿಲ್ಲ. ಹೆಚ್ಚುವುದು ಫೋಟಾನುಗಳ ಎಣಿಕೆ; ಒಂದೊಂದರ ಶಕ್ತಿ ಅಷ್ಟೇ ಇರುತ್ತದೆ. ಬೆಳಕಿನ ಪಾಠದಲ್ಲಿ ಮಕ್ಕಳಿಗೆ ಮೊದಲು ಮನದಟ್ಟಾಗಬೇಕಾದದ್ದು ಇದು.

ಗೆರೆ ಎರಡೇಕೆ (589.0 ಮತ್ತು 589.6) ಎಂಬುದಕ್ಕೆ ಮಾತ್ರ 1925ರಲ್ಲಿ ಊಲೆನ್‌ಬೆಕ್, ಗೌಡ್‌ಸ್ಮಿತ್ ಮುಂದಿಟ್ಟ ಎಲೆಕ್ಟ್ರಾನು ತನ್ನಷ್ಟಕ್ಕೆ ತಿರುಗುವಂಥ ಗುಣ, ಅಂದರೆ ಎಲೆಕ್ಟ್ರಾನ್ ಸ್ಪಿನ್‌ವರೆಗೆ ಕಾಯಬೇಕಾಯಿತು.

ಇಲ್ಲಿನ ಡಿಗ್ರಿ ಕಾಲೇಜಿನ ಲ್ಯಾಬ್‌ನಲ್ಲೂ ಈ ಜೋಡಿಯನ್ನು ಕಣ್ಣಾರೆ ಕಾಣಬಹುದು. ಸೋಡಿಯಂ ದೀಪ ಹಚ್ಚಿದೊಡನೆ ಬರುವ ಕೆಂಪು, ಒಳಗಿನ ನಿಯಾನ್‌ದು. ಹಳದಿ ಗಟ್ಟಿಯಾಗಲು ಹತ್ತು ನಿಮಿಷ ಬಿಡಿ. ಇಂಚಿಗೆ 15,000 ಗೆರೆ ಕೊರೆದ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್ ಇಟ್ಟರೆ ಮೊದಲ ಆರ್ಡರ್ (ನೇರ ಬೆಳಕಿನ ಪಕ್ಕದ ಮೊದಲ ಬಿಂಬ) 20.4 ಡಿಗ್ರಿಯಲ್ಲಿ ಸಿಗುತ್ತದೆ. ಅಲ್ಲಿ ಎರಡು ಗೆರೆಗಳ ಅಂತರ ಕೋನದ ಅಳತೆಯಲ್ಲಿ 1.3 ಮಿನಿಟು (ಒಂದು ಮಿನಿಟು ಡಿಗ್ರಿಯ ಅರವತ್ತರಲ್ಲೊಂದು ಪಾಲು) ಮಾತ್ರ. ಕೋನ ಅಳೆಯುವ ವರ್ನಿಯರ್ ಮಾಪಕ ಓದುವ ಅತಿ ಚಿಕ್ಕ ಅಳತೆಯೇ 1 ಮಿನಿಟು. ಗೆರೆ ನೋಡುವ ಟೆಲಿಸ್ಕೋಪನ್ನು 44 ಡಿಗ್ರಿಯ ಎರಡನೇ ಆರ್ಡರ್‌ಗೆ ತಿರುಗಿಸಿದರೆ ಅಂತರ 3.4 ಮಿನಿಟಿಗೆ ಹಿಗ್ಗುತ್ತದೆ. ಆಗಲೂ ಒಂದೇ ಗೆರೆ ಕಂಡರೆ ಹೆಚ್ಚಾಗಿ ಬೆಳಕು ಒಳಬರುವ ಸೀಳು, ಅಂದರೆ ಸ್ಲಿಟ್, ಅಗಲವಾಗಿರುತ್ತದೆ. ಸ್ಕ್ರೂ ತಿರುಗಿಸಿ ಕೂದಲೆಳೆಯಷ್ಟಕ್ಕೆ ತನ್ನಿ. ಎಡಬಲದ ಕೋನಗಳು ತಾಳೆಯಾಗದಿದ್ದರೆ ಗ್ರೇಟಿಂಗ್ ಬೆಳಕಿಗೆ ಲಂಬವಾಗಿ ಕೂತಿಲ್ಲ ಎಂದರ್ಥ. ಅದುವರೆಗಿನ ರೀಡಿಂಗ್ ಬಿಟ್ಟು ಮತ್ತೆ ಕೂರಿಸಬೇಕು.