ವಾರಕ್ಕೊಮ್ಮೆ 5 ನಿಮಿಷ ಸ್ಟಾರ್ಟ್ ಮಾಡಿಟ್ಟರೆ ನಿಂತ ಕಾರಿನ ಬ್ಯಾಟರಿ ಉಳಿಯುತ್ತದೆಯೇ?

ಪ್ರಶ್ನೆ: ನಾನು ಪುಣೆಯಲ್ಲಿ ಕೆಲಸದಲ್ಲಿದ್ದೇನೆ. ನಮ್ಮ ಪೆಟ್ರೋಲ್ ಕಾರು ಸೇಡಂನ ಮನೆಯಲ್ಲಿ ತಗಡಿನ ಶೆಡ್ಡಿನಡಿ ನಿಂತಿರುತ್ತದೆ. ಎರಡು-ಮೂರು ತಿಂಗಳಿಗೊಮ್ಮೆ ಊರಿಗೆ ಬಂದಾಗ ಮಾತ್ರ ಓಡಿಸುತ್ತೇನೆ. ತಂದೆಯವರು ಪ್ರತಿ ಭಾನುವಾರ ತಪ್ಪದೆ 5 ನಿಮಿಷ ಸ್ಟಾರ್ಟ್ ಮಾಡಿ ಬಂದ್ ಮಾಡುತ್ತಾರೆ. ಆದರೂ ಕಳೆದ ವರ್ಷ ಒಂದು ಬ್ಯಾಟರಿ ಹೋಯಿತು, ಈಗ ಹೊಸ ಬ್ಯಾಟರಿಯಲ್ಲೂ ಸೆಲ್ಫ್ ಎತ್ತುತ್ತಿಲ್ಲ. ನಾವು ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ತಂದೆಯವರು ಇಷ್ಟು ನಿಷ್ಠೆಯಿಂದ ಮಾಡುತ್ತಿರುವ ಕೆಲಸದಿಂದ ಬ್ಯಾಟರಿಗೆ ಸೇರುವ ಚಾರ್ಜಿಗಿಂತ ವಾರವಿಡೀ ಅದರಿಂದ ಸೋರಿಹೋಗುವ ಚಾರ್ಜೇ ಹೆಚ್ಚು. ಇದನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಲೆಕ್ಕ ಹಾಕಿ ತೋರಿಸುವುದು ಮೇಲು.

ಬೀಗ ಹಾಕಿ ನಿಲ್ಲಿಸಿದ ಕಾರು ಪೂರ್ತಿ ನಿದ್ರೆಗೆ ಹೋಗುವುದಿಲ್ಲ. ಗಡಿಯಾರ, ರಿಮೋಟ್ ಕೀಲಿಯ ಸಂಕೇತಕ್ಕಾಗಿ ಕಾಯುವ ಘಟಕ, ಅಲಾರಾಂ, ಎಂಜಿನ್ ಕಂಪ್ಯೂಟರಿನ ನೆನಪು, ಇವೆಲ್ಲ ಸೇರಿ ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್ ವಿದ್ಯುತ್ತನ್ನು ಹಗಲಿರುಳು ಎಳೆಯುತ್ತಲೇ ಇರುತ್ತವೆ. 30 ಮಿಲಿಆಂಪಿಯರ್ ಎಂದೇ ಹಿಡಿದರೂ ದಿನಕ್ಕೆ 0.72 ಆಂಪಿಯರ್-ಅವರ್ (ಒಂದು ಆಂಪಿಯರ್ ಒಂದು ತಾಸು ಹರಿದರೆ ಒಂದು ಆಂಪಿಯರ್-ಅವರ್), ವಾರಕ್ಕೆ ಸುಮಾರು 5 ಆಂಪಿಯರ್-ಅವರ್ ಹೋಯಿತು. ಭಾನುವಾರ ಸೆಲ್ಫ್ ಹೊಡೆದಾಗ 150 ಆಂಪಿಯರಿನಂತೆ 3 ಸೆಕೆಂಡು ಎಳೆದರೂ ಖರ್ಚಾಗುವುದು 0.13 ಆಂಪಿಯರ್-ಅವರ್ ಅಷ್ಟೇ, ಅದು ದೊಡ್ಡದಲ್ಲ. ಆದರೆ ಎಂಜಿನ್ ನಿಂತಲ್ಲೇ ನಿಧಾನವಾಗಿ ತಿರುಗುವಾಗ ಆಲ್ಟರ್ನೇಟರ್ ತಾನು ಹುಟ್ಟಿಸಿದ ವಿದ್ಯುತ್ತಿನಿಂದ ಮೊದಲು ಪೆಟ್ರೋಲ್ ಪಂಪು, ಇಗ್ನಿಷನ್, ಫ್ಯಾನುಗಳನ್ನು ನಡೆಸಿ, ಉಳಿದದ್ದನ್ನಷ್ಟೇ ಬ್ಯಾಟರಿಗೆ ಕೊಡುತ್ತದೆ. ಆ ಉಳಿಕೆ 10 ಆಂಪಿಯರ್ ಎಂದುಕೊಂಡರೆ 5 ನಿಮಿಷದಲ್ಲಿ ಮರಳಿ ಸೇರುವುದು 0.83 ಆಂಪಿಯರ್-ಅವರ್ ಮಾತ್ರ. ಹೀಗೆ ಪ್ರತಿ ವಾರ 4ಕ್ಕಿಂತ ಹೆಚ್ಚು ಕೊರತೆ ಬೀಳುತ್ತ ಹೋದರೆ, 35 ಆಂಪಿಯರ್-ಅವರಿನ ಬ್ಯಾಟರಿ ನಾಲ್ಕು ವಾರಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆ ನಾಲ್ಕು ವಾರವೂ ಕಾರು ಸ್ಟಾರ್ಟ್ ಆಗುತ್ತಲೇ ಇರುವುದರಿಂದ ಇಳಿಯುತ್ತಿರುವುದು ಯಾರ ಗಮನಕ್ಕೂ ಬರುವುದಿಲ್ಲ.

ಇದರ ಮೇಲೆ ನಮ್ಮ ಕಲಬುರಗಿ ಸೀಮೆಯ ಬಿಸಿಲಿದೆ. ಯಾವ ತಂತಿಯನ್ನೂ ಜೋಡಿಸದೆ ಇಟ್ಟ ಸೀಸ-ಆಮ್ಲದ ಬ್ಯಾಟರಿಯೂ ತನ್ನಷ್ಟಕ್ಕೆ ಇಳಿಯುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ತಿಂಗಳಿಗೆ ಶೇ. 3ರಿಂದ 5ರಷ್ಟು ಇಳಿದರೆ, ಪ್ರತಿ 10 ಡಿಗ್ರಿ ಏರಿದಾಗ ಈ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ನೆರಳಿನಲ್ಲೇ 42 ಡಿಗ್ರಿ ದಾಟುತ್ತದೆ; ಕಾದ ತಗಡಿನಡಿಯ ಬಾನೆಟ್ಟಿನೊಳಗೆ ಅದಕ್ಕಿಂತಲೂ ಹೆಚ್ಚಿರುತ್ತದೆ. ಬಿಸಿಯು ಬ್ಯಾಟರಿಯ ನೀರನ್ನು ಆರಿಸುತ್ತದೆ, ಒಳಗಿನ ಸೀಸದ ಜಾಲರಿಯನ್ನು ಬೇಗ ಸವೆಸುತ್ತದೆ. ಆದ್ದರಿಂದ ಸಾಧ್ಯವಿದ್ದರೆ ಶೆಡ್ಡನ್ನು ಬಿಟ್ಟು ಬೇವಿನ ಮರದ ನೆರಳಿಗೋ ಮನೆಯ ಗೋಡೆಯ ಉತ್ತರ ಬದಿಗೋ ಕಾರನ್ನು ನಿಲ್ಲಿಸಿರಿ.

ಬ್ಯಾಟರಿ ಇಳಿಯುವುದಕ್ಕಿಂತ ಇಳಿದ ಸ್ಥಿತಿಯಲ್ಲೇ ಕೂತಿರುವುದು ಹೆಚ್ಚು ಹಾನಿಕರ. ಚಾರ್ಜ್ ಕಳೆದುಕೊಳ್ಳುವಾಗ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಮೂಡುತ್ತದೆ; ತಡಮಾಡದೆ ಚಾರ್ಜ್ ಮಾಡಿದರೆ ಅದು ಕರಗಿ ಮರಳಿ ಆಮ್ಲಕ್ಕೆ ಸೇರುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಪೂರ್ತಿ ಕರಗದು, ಅಷ್ಟರ ಮಟ್ಟಿಗೆ ಬ್ಯಾಟರಿಯ ಹೊಟ್ಟೆ ಶಾಶ್ವತವಾಗಿ ಕುಗ್ಗಿದಂತೆಯೇ. ನಿಮ್ಮ ಹಿಂದಿನ ಬ್ಯಾಟರಿಗೆ ಹೀಗೆಯೇ ಆಗಿರುವ ಸಂಭವ ಹೆಚ್ಚು. ನನ್ನ ಮೊದಲ ಕಾರಿನ ಬ್ಯಾಟರಿಯನ್ನು ನಾನೂ ಇದೇ ಐದು ನಿಮಿಷದ ನಂಬಿಕೆಯಲ್ಲಿ ಒಂದೂವರೆ ವರ್ಷಕ್ಕೆ ಕಳೆದುಕೊಂಡಿದ್ದೇನೆ. ಅಂದಿನಿಂದ ವೋಲ್ಟ್ ಅಳೆಯುವ ಮಲ್ಟಿಮೀಟರಿನ ಅಂಕಿಯ ಹೊರತು ಬೇರೇನನ್ನೂ ನಂಬುವುದಿಲ್ಲ.

ಆ ಮಲ್ಟಿಮೀಟರ್ ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೆಲವೇ ನೂರು ರೂಪಾಯಿಗೆ ದೊರೆಯುತ್ತದೆ. ಅದನ್ನು ಡಿ.ಸಿ. 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಪಾಸಿಟಿವ್ ಟರ್ಮಿನಲ್ಲಿಗೂ ಕಪ್ಪನ್ನು ನೆಗೆಟಿವ್‌ಗೂ ಮುಟ್ಟಿಸಿದರೆ ಸಾಕು. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ 12.6 ಅಥವಾ 12.7 ತೋರಿಸಿದರೆ ಬ್ಯಾಟರಿ ತುಂಬಿದೆ, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲುಭಾಗ. 12.4ಕ್ಕಿಂತ ಕೆಳಗೆ ಬಂದ ದಿನವೇ ಚಾರ್ಜ್ ಮಾಡಬೇಕು. ಎಂಜಿನ್ ಬಂದ್ ಮಾಡಿದ ಕೂಡಲೇ ಅಳೆದರೆ 13ರ ಆಸುಪಾಸು ಕಾಣುತ್ತದೆ, ಆದರೆ ಅದು ಮೇಲ್ಮೈಯ ಚಾರ್ಜು. ಅದನ್ನು ನೋಡಿ ಸಮಾಧಾನಪಡಬಾರದು. ಎಂಜಿನ್ ಓಡುತ್ತಿರುವಾಗ 13.8ರಿಂದ 14.7ರ ನಡುವೆ ಇಲ್ಲದಿದ್ದರೆ ದೋಷ ಆಲ್ಟರ್ನೇಟರಿನ ಕಡೆ ಇರಬಹುದು, ಅದನ್ನು ಮೆಕ್ಯಾನಿಕ್‌ಗೆ ತೋರಿಸಿರಿ.

ಹೊಸ ಬ್ಯಾಟರಿಯೂ ಸೋತಿರುವುದರಿಂದ, ಆಮೇಲೆ ಹಾಕಿಸಿದ ಯಾವುದಾದರೂ ಸಾಮಾನು ವಿದ್ಯುತ್ ಎಳೆಯುತ್ತಿದೆಯೇ ಎಂದೂ ನೋಡಬೇಕು. ಜಿ.ಪಿ.ಎಸ್. ಟ್ರ್ಯಾಕರ್, ಡ್ಯಾಶ್‌ಕ್ಯಾಮ್, ಹೊರಗಿನ ಸ್ಟೀರಿಯೊ ಇವುಗಳನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿದ್ದರೆ ಕೀಲಿ ತೆಗೆದ ಮೇಲೂ ಅವು ನಡೆಯುತ್ತಲೇ ಇರುತ್ತವೆ. 200 ಮಿಲಿಆಂಪಿಯರ್ ಎಳೆಯುವ ಒಂದೇ ಒಂದು ಸಾಮಾನು ದಿನಕ್ಕೆ 4.8 ಆಂಪಿಯರ್-ಅವರ್ ತಿನ್ನುತ್ತದೆ. ತುಂಬಿದ ಬ್ಯಾಟರಿಗೂ ಅದರ ಮುಂದೆ ಒಂದು ವಾರದ ಆಯುಷ್ಯವೇ ಹೆಚ್ಚು.

ನಿಮ್ಮ ಪರಿಸ್ಥಿತಿಗೆ ನಾನು ಹೇಳುವ ಉಪಾಯ ಸರಳವಾದದ್ದು. ಮೊದಲು ಬ್ಯಾಟರಿಯನ್ನು ಅಂಗಡಿಗೆ ಒಯ್ದು ನಿಧಾನ ಚಾರ್ಜ್ ಹಾಕಿಸಿರಿ. ಬ್ಯಾಟರಿಯ ಆಂಪಿಯರ್-ಅವರಿನ ಹತ್ತನೇ ಒಂದು ಭಾಗ, ಅಂದರೆ ನಿಮ್ಮಂಥ ಕಾರಿಗೆ 3.5 ಆಂಪಿಯರ್ ಸಾಕು, ರಾತ್ರಿಯಿಡೀ ಬೇಕಾಗಬಹುದು. ಒಂದೇ ತಾಸಿನಲ್ಲಿ ತುಂಬಿಸಿಕೊಡುವ ವೇಗದ ಚಾರ್ಜಿಗೆ ಒಪ್ಪಬೇಡಿರಿ. ಬಳಿಕ ನೀವು ಪುಣೆಗೆ ಹೊರಡುವ ದಿನ 10 ನಂಬರಿನ ಪಾನಾದಿಂದ ನೆಗೆಟಿವ್ ಟರ್ಮಿನಲ್ಲನ್ನು ಬಿಚ್ಚಿ ಪಕ್ಕಕ್ಕೆ ಸರಿಸಿಡಿ. ಗಡಿಯಾರ, ಸ್ಟೀರಿಯೊದ ಸೆಟ್ಟಿಂಗ್ ಅಳಿಸಿಹೋಗುತ್ತವೆ, ಆದರೆ ಆ 30 ಮಿಲಿಆಂಪಿಯರಿನ ಸೋರಿಕೆ ಪೂರ್ತಿ ನಿಲ್ಲುತ್ತದೆ. ಉಳಿಯುವುದು ಬಿಸಿಲಿನ ಇಳಿತ ಮಾತ್ರ. ಶೆಡ್ಡಿನಲ್ಲಿ ವಿದ್ಯುತ್ ಪ್ಲಗ್ ಇದ್ದರೆ, ತುಂಬಿದ ಮೇಲೆ ತಾನೇ ತಗ್ಗಿ ಸುಮಾರು 13.5 ವೋಲ್ಟಿನಲ್ಲಿ ಕಾಯ್ದುಕೊಳ್ಳುವ ಸ್ವಯಂಚಾಲಿತ ಚಾರ್ಜರ್ ಇದಕ್ಕಿಂತಲೂ ಉತ್ತಮ. ಚಾರ್ಜ್ ಆಗುವ ಬ್ಯಾಟರಿಯಿಂದ ಉರಿಯುವ ಹೈಡ್ರೋಜನ್ ಅನಿಲ ಹೊಮ್ಮುವುದರಿಂದ ಹತ್ತಿರದಲ್ಲಿ ಬೀಡಿ, ಬೆಂಕಿ ಬೇಡ. ಮುಚ್ಚಳ ತೆಗೆಯುವ ಬ್ಯಾಟರಿಯಾಗಿದ್ದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು, ಬೋರ್‌ವೆಲ್ಲಿನ ನೀರಲ್ಲಿರುವ ಲವಣಗಳು ಫಲಕಗಳನ್ನು ಕೆಡಿಸುತ್ತವೆ.

ಬಿಚ್ಚಿದ ಬ್ಯಾಟರಿಯನ್ನು ಶಹಾಬಾದ್ ಫರಸಿಯ ಮೇಲೆ ಇಟ್ಟರೆ ನೆಲ ಚಾರ್ಜ್ ಹೀರುತ್ತದೆ ಎಂದು ನಮ್ಮ ಕಡೆ ಹಲವರು ಹಲಗೆ ಇಡುತ್ತಾರೆ. ಮರ, ರಬ್ಬರಿನ ಹೊರಕವಚವಿದ್ದ ಹಳೆಯ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಇಂದಿನ ಪ್ಲಾಸ್ಟಿಕ್ ಕವಚಕ್ಕೆ ಆ ಭಯವಿಲ್ಲ, ತಂಪಾದ ಫರಸಿ ಬೇಸಿಗೆಯಲ್ಲಿ ಒಳ್ಳೆಯದೇ. ತೊಗರಿ ರಾಶಿ ಮುಗಿದ ಮೇಲೆ ತಿಂಗಳುಗಟ್ಟಲೆ ನಿಲ್ಲುವ ಟ್ರ್ಯಾಕ್ಟರಿಗೂ ಟರ್ಮಿನಲ್ ಬಿಚ್ಚಿಡುವ ಈ ಕ್ರಮವೇ ಸಾಕು.

ಇನ್ನು ಸೆಲ್ಫ್ ಎತ್ತದ ದಿನದ ಮಾತು. ಸಿಮೆಂಟ್ ಕಾರ್ಖಾನೆಗಳ ಊರಾದ ಸೇಡಂನಲ್ಲಿ ಲಾರಿ, ಟಿಪ್ಪರು ಕೈಗೆಟಕುವಂತಿರುತ್ತವೆ. ಆದರೆ ಅವುಗಳದ್ದು 24 ವೋಲ್ಟಿನ ವ್ಯವಸ್ಥೆಯಾದ್ದರಿಂದ ಅವುಗಳ ಬ್ಯಾಟರಿಯಿಂದ ಕೇಬಲ್ ಎಳೆದು ನಿಮ್ಮ ಕಾರಿಗೆ ಜಂಪ್ ಕೊಟ್ಟರೆ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟುಹೋಗಬಹುದು. ನೆರೆಮನೆಯ 12 ವೋಲ್ಟಿನ ಕಾರಿನಿಂದಲೇ ಕೇಬಲ್ ಪಡೆಯಿರಿ: ಪಾಸಿಟಿವ್‌ಗೆ ಪಾಸಿಟಿವ್ ಮೊದಲು, ನೆಗೆಟಿವ್‌ನ ಒಂದು ತುದಿ ನೆರೆಯ ಕಾರಿನ ನೆಗೆಟಿವ್‌ಗೆ, ಕೊನೆಯ ಜೋಡಣೆಯನ್ನು ನಿಮ್ಮ ಕಾರಿನ ಬ್ಯಾಟರಿಯಿಂದ ದೂರವಿರುವ, ಬಣ್ಣವಿಲ್ಲದ ಎಂಜಿನ್ನಿನ ಲೋಹಕ್ಕೆ. ಎಂಜಿನ್ ಎದ್ದ ಮೇಲೆ ಅಂಗಳದಲ್ಲೇ ಬಿಡದೆ ಮಳಖೇಡಕ್ಕೆ ಹೋಗಿ ಬನ್ನಿರಿ, ಮರುದಿನ ಬೆಳಿಗ್ಗೆ ಮೀಟರ್ ಹಿಡಿದು ನೋಡಿರಿ, ಆಗಲೂ 12.4 ಮುಟ್ಟದಿದ್ದರೆ ಚಾರ್ಜರಿಗೆ ಹಾಕಲೇಬೇಕು.